ಕ್ಲೈಡ್ ಕಣಿವೆಯ ಶರದೃತು

ಪರದೇಶಕ್ಕೆ ಹೊರಡುವ ನಮ್ಮ ಮನೆಗಳ ಹಿರಿಯರ ಪೆಟ್ಟಿಗೆಯಲ್ಲಿ ವಿಭೂತಿಯ ಗಟ್ಟಿ, ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತಪ್ಪದೆ ಇರುತ್ತವೆ. ಅವುಗಳ ಜೊತೆಗೆ ಒಂದು ಅಂಜಿಕೆಯೂ ಪ್ರಯಾಣ ಮಾಡುತ್ತದೆ. ಅಲ್ಲಿ ಉಣ್ಣುವುದೇನು? ಯಾವ ತಿನಿಸಿನಲ್ಲಿ ಪ್ರಾಣಿಯ ಕೊಬ್ಬು ಅಡಗಿದೆಯೋ, ಯಾವುದರಲ್ಲಿ ಮೊಟ್ಟೆ ಬೆರೆತಿದೆಯೋ ಬಲ್ಲವರಾರು? ಲಿಂಗಕ್ಕೆ ಅರ್ಪಿಸದೆ ಒಂದು ತುತ್ತನ್ನೂ ಬಾಯಿಗಿಡಬಾರದೆಂಬ ಸಂಸ್ಕಾರದಲ್ಲಿ ಬೆಳೆದವರಿಗೆ ಈ ಅಂಜಿಕೆ ಸಹಜವಾದುದು. ಕಳೆದ ವರ್ಷ ಸೆಪ್ಟೆಂಬರ್ ತಿಂಗಳಿನಲ್ಲಿ ಮಗ ಸೊಸೆಯರ ಮನೆಗೆಂದು ಸ್ಕಾಟ್ಲೆಂಡಿಗೆ ಹೊರಟಾಗ ನಾನೂ ಅದನ್ನು ಹೊತ್ತುಕೊಂಡೇ ಹೋದೆ. ಎರಡು ತಿಂಗಳ ಬಳಿಕ ಗದುಗಿಗೆ ಮರಳುವಾಗ ಅದನ್ನು ಅಲ್ಲಿಯೇ ಬಿಟ್ಟು, ಒಂದು ಪಾಠವನ್ನೂ ಒಂದು ಪಾಕವಿಧಾನವನ್ನೂ ತಂದಿದ್ದೇನೆ. ಇವೆರಡನ್ನೂ ಶರಣ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಗ್ಲಾಸ್ಗೋ ಮಹಾನಗರದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಲ್ಯಾನರ್ಕ್ ಎಂಬ ಪುಟ್ಟ ಪಟ್ಟಣವಿದೆ. ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆಯ ಹಾದಿ. ಊರು ದಿಬ್ಬದ ಮೇಲೆ. ಕೆಳಗೆ ಆಳವಾದ ಕಣಿವೆಯಲ್ಲಿ ಕ್ಲೈಡ್ ನದಿ. ನಮ್ಮಲ್ಲಿ ಶರದೃತುವೆಂದರೆ ಮಳೆ ನಿಂತು ತಿಳಿಯಾದ ಆಕಾಶ, ಮಹಾನವಮಿಯ ಸಡಗರ, ಹಾಲಿನಂತಹ ಬೆಳದಿಂಗಳು. ಅಲ್ಲಿ ಅದು ಎಲೆಗಳು ಹಳದಿಯಾಗಿ, ಕೆಂಪಾಗಿ, ಕೊನೆಗೆ ಕಂದಾಗಿ ಉದುರುವ ಕಾಲ. ಮನೆಗಳ ಅಂಗಳದಲ್ಲಿ ರೋವನ್ ಮರಗಳು ಕುಂಕುಮದ ಬಣ್ಣದ ಕಾಯಿಗೊಂಚಲುಗಳನ್ನು ಹೊತ್ತು ನಿಂತಿರುತ್ತವೆ. ಮುಂಜಾನೆ ಕಣಿವೆಯ ತುಂಬ ಮಂಜು. ಹತ್ತು ಗಂಟೆಯ ಹೊತ್ತಿಗೆ ಅದು ಮೆಲ್ಲನೆ ಕರಗಿ ನದಿ ಕಾಣಿಸಿಕೊಳ್ಳುತ್ತದೆ.

ನಾನು ಹೋದ ಮೂರನೆಯ ದಿನದ ಮಾತು. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಒಂಬತ್ತು ವರ್ಷದ ಮೊಮ್ಮಗಳು ಶಾಲೆಯಿಂದ ಬಂದು ಮೇಲಿನ ಕೋಣೆಯಲ್ಲಿದ್ದಳು. ಬಾಗಿಲು ಬಡಿದ ಸದ್ದಾಯಿತು. ತೆರೆದು ನೋಡಿದರೆ ನೆರೆಮನೆಯ ಹಿರಿಯಾಕೆ. ವಯಸ್ಸು ಎಪ್ಪತ್ತೈದು ದಾಟಿರಬೇಕು. ಕೈಯಲ್ಲಿ ಬಿಳಿಯ ಅರಿವೆ ಮುಚ್ಚಿದ ಒಂದು ತಟ್ಟೆ. ನಗುತ್ತ ಅರಿವೆ ಸರಿಸಿದಳು. ಒಳಗೆ ನಮ್ಮ ಕೊಬ್ಬರಿ ವಡಿಯಂತೆ ಚೌಕವಾಗಿ ಕತ್ತರಿಸಿದ ತುಂಡುಗಳು. ಮೇಲೆ ಕಪ್ಪು ಕೆಂಪಿನ ಹಣ್ಣು. ಬಿಸ್ಕೀಟಿನ ಜಾತಿ ಎಂದು ಕಂಡೊಡನೆಯೇ ನನ್ನ ಮನಸ್ಸು ಮೊಟ್ಟೆಯತ್ತ ಓಡಿತು. ಎರಡೂ ಕೈ ಜೋಡಿಸಿ, ತಲೆಯಲ್ಲಾಡಿಸಿ, ಬೇಡವೆಂದು ಸನ್ನೆ ಮಾಡಿಬಿಟ್ಟೆ. ಆಕೆ ಒಂದು ಕ್ಷಣ ಸುಮ್ಮನೆ ನಿಂತು, ಅರಿವೆಯನ್ನು ಮತ್ತೆ ಮುಚ್ಚಿ, ಮಳೆಯ ಹನಿಗಳ ನಡುವೆ ತನ್ನ ಮನೆಗೆ ನಡೆದುಹೋದಳು.

ಸಂಜೆ ಇದನ್ನು ಕೇಳಿದ ಸೊಸೆಯ ಮುಖ ಬಾಡಿತು. ಅವಳು ಎದುರು ಮಾತನಾಡುವವಳಲ್ಲ. ಆದರೂ ಅಂದು ಹೇಳಿದಳು: “ಅತ್ತಿ, ನಾವು ಈ ಮನಿಗೆ ಬಂದ ಮೊದಲನೇ ವಾರನs ಅವರು ‘ನೀವು ಏನೇನು ತಿನ್ನೂದಿಲ್ಲ’ ಅಂತ ಕೇಳಿ, ಒಂದು ಹಾಳ್ಯಾಗ ಬರಕೊಂಡು ಹೋಗ್ಯಾರ್ರಿ. ಅವತ್ತಿನಿಂದ ಮೊಟ್ಟಿ ಹಾಕಿದ್ದು ಒಂದೂ ನಮ್ಮ ಮನಿಗೆ ತಂದಿಲ್ಲ. ಇದನ್ನೂ ನಿಮ್ಮ ಸಲುವಾಗಿನs ಮಾಡಿದ್ರು.”

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಮ್ಮ ಮನೆಯಲ್ಲಿ ದಾಸೋಹದ ಮಾತು ದಿನನಿತ್ಯವೂ ಬರುತ್ತದೆ. ಬಂದವರಿಗೆ ಬಡಿಸುವುದು, ಹಸಿದವರಿಗೆ ಕೊಡುವುದು ನನಗೆ ಚೆನ್ನಾಗಿ ಗೊತ್ತು. ಆದರೆ ಇನ್ನೊಬ್ಬರು ಪ್ರೀತಿಯಿಂದ ಕೊಟ್ಟದ್ದನ್ನು ವಿನಯದಿಂದ ಸ್ವೀಕರಿಸುವುದೂ ಅದರ ಒಂದು ಭಾಗವೆಂದು ನಾನು ಎಂದಾದರೂ ಯೋಚಿಸಿದ್ದೆನೆ? ಆಹಾರಶುದ್ಧಿಯನ್ನು ಕಾಯ್ದುಕೊಳ್ಳುವುದು ತಪ್ಪಲ್ಲ. ಕೇಳಬೇಕಾದ ಒಂದು ಮಾತನ್ನು ಕೇಳದೆ ಮನುಷ್ಯರನ್ನು ಹಿಂದಿರುಗಿಸಿದ್ದು ತಪ್ಪು. ಆಕೆ ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದಳು. ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಊರಿನಿಂದ ತಂದಿದ್ದ ಶೇಂಗಾ ಉಂಡೆಗಳನ್ನು ಬಟ್ಟಲಲ್ಲಿಟ್ಟುಕೊಂಡು, ಮೊಮ್ಮಗಳನ್ನು ದುಭಾಷಿಯಾಗಿ ಕರೆದುಕೊಂಡು ಆಕೆಯ ಮನೆಗೆ ಹೋದೆ. ಕ್ಷಮೆ ಕೇಳಿದೆ. ಆಕೆ ನಕ್ಕು, ಬಟ್ಟಲಿನಿಂದ ಒಂದು ಉಂಡೆ ಎತ್ತಿ ಬಾಯಿಗಿಟ್ಟುಕೊಂಡಳು. ಅದರಲ್ಲಿ ಏನೇನಿದೆಯೆಂದು ಒಂದು ಮಾತೂ ಕೇಳಲಿಲ್ಲ. ಆಮೇಲೆ ಮೊಮ್ಮಗಳಿಗೆ ಏನೋ ಹೇಳಿದಳು. “ಅಜ್ಜಿ, ನಾಳೆ ಹಣ್ಣು ಹರಿಯಾಕ ಹೋಗೂಣ ಅಂತಾರ. ಆಮ್ಯಾಲೆ ನೀನs ಮಾಡಿ ನೋಡು ಅಂತ” ಎಂದಳು ಮೊಮ್ಮಗಳು.

ಕ್ಲೈಡ್ ಕಣಿವೆ ಸ್ಕಾಟ್ಲೆಂಡಿನ ಹಣ್ಣಿನ ಸೀಮೆಗಳಲ್ಲಿ ಒಂದು. ಚಳಿಗಾಳಿಯಿಂದ ಕಣಿವೆಯ ಇಳಿಜಾರು ಮರಗಳಿಗೆ ಆಸರೆ ಕೊಡುವುದರಿಂದ ಇಲ್ಲಿ ಪ್ಲಮ್, ಸೇಬು, ಪೇರಲವನ್ನು ಆಕಾರದಲ್ಲಿ ಹೋಲುವ ಪೇರ್ ಹಣ್ಣುಗಳು ಬೆಳೆಯುತ್ತವೆ. ಸಮೀಪದ ಲೆಸ್ಮಹೇಗೋ ಎಂಬಲ್ಲಿ 1144ರಲ್ಲಿ ಕ್ರೈಸ್ತ ಸನ್ಯಾಸಿಗಳ ಮಠವೊಂದು ಸ್ಥಾಪನೆಯಾಯಿತು. ಕಣಿವೆಯ ಹಣ್ಣಿನ ತೋಟಗಳ ಪರಂಪರೆಯನ್ನು ಜನರು ಆ ಸನ್ಯಾಸಿಗಳೊಂದಿಗೆ ಜೋಡಿಸಿ ಹೇಳುತ್ತಾರೆ. ನಮ್ಮ ನಾಡಿನಲ್ಲಿ ಬಸವಾದಿ ಶರಣರು ಕಾಯಕದ ಮಹತ್ವವನ್ನು ಸಾರಿದ್ದೂ ಅದೇ 12ನೆಯ ಶತಮಾನದಲ್ಲಿಯೇ ಎಂಬುದು ನೆನಪಾಗಿ ಮನಸ್ಸು ಹಿಗ್ಗಿತು. ಮುಂದೆ ಇಲ್ಲಿಯ ಹಣ್ಣುಗಳು ಗ್ಲಾಸ್ಗೋ ಪೇಟೆಗೂ ಜಾಮ್ ಕಾರ್ಖಾನೆಗಳಿಗೂ ಹೋಗುತ್ತಿದ್ದವು. ಈಗ ಅನೇಕ ತೋಟಗಳು ಹಾಳುಬಿದ್ದಿವೆ. ಆದರೂ ಹಳೆಯ ಮರಗಳು ಹಲವೆಡೆ ಇಂದಿಗೂ ಹಣ್ಣು ಕೊಡುತ್ತಿವೆ.

ನಾವು ಅಂದು ಹರಿಯಲು ಹೋದದ್ದು ತೋಟದ ಹಣ್ಣನ್ನಲ್ಲ, ಹಾದಿಬದಿಯ ಬೇಲಿಯ ಹಣ್ಣನ್ನು. ಬ್ಲ್ಯಾಕ್‌ಬೆರಿ ಎಂದು ಪುಸ್ತಕಗಳಲ್ಲಿ ಓದುವ ಹಣ್ಣಿಗೆ ಸ್ಕಾಟ್ಲೆಂಡಿನ ಜನ ಬ್ರ್ಯಾಂಬಲ್ ಎನ್ನುತ್ತಾರೆ. ನೋಡಲು ಹಿಪ್ಪುನೇರಳೆಯ ಹಣ್ಣಿನಂತೆ. ಮುಳ್ಳು ಮಾತ್ರ ನಮ್ಮ ಕವಳಿಯ ಕಂಟಿಯನ್ನು ನೆನಪಿಸುವಂತಹದು. ಬಾಲ್ಯದಲ್ಲಿ ಕವಳಿಹಣ್ಣಿಗಾಗಿ ಲಂಗ ಹರಿದುಕೊಂಡವಳು ಅರವತ್ತೆಂಟನೆಯ ವಯಸ್ಸಿನಲ್ಲಿ ಸೀರೆಯ ಸೆರಗನ್ನು ಮುಳ್ಳಿಗೆ ಕೊಟ್ಟೆ. ಸೆಪ್ಟೆಂಬರ್ 29ರ ಮೈಕೆಲ್ಮಸ್ ಹಬ್ಬ ಕಳೆದ ಮೇಲೆ ಈ ಹಣ್ಣನ್ನು ಹರಿಯಬಾರದು, ಸೈತಾನನು ಅದರ ಮೇಲೆ ಉಗುಳಿರುತ್ತಾನೆ ಎಂಬ ನಂಬಿಕೆ ಅಲ್ಲಿದೆ. ಹಬ್ಬದ ನಂತರ ತೇವ ಹೆಚ್ಚಿ ಹಣ್ಣು ನೀರಾಗಿ ಬೂಸಲು ಹಿಡಿಯುತ್ತದೆ ಎಂಬ ಅನುಭವವೇ ಆ ನಂಬಿಕೆಯೊಳಗೆ ಇರುವಂತಿದೆ.

ನನ್ನ ಡಬ್ಬಿ ತುಂಬಿತು. ಇನ್ನೂ ಹಣ್ಣು ಕಾಣುತ್ತಿತ್ತು, ಕೈ ಚಾಚಿದೆ. ಹಿರಿಯಾಕೆ ಮೆಲ್ಲನೆ ತಡೆದಳು. ಉಳಿದದ್ದು ಹಕ್ಕಿಗಳಿಗೆ, ಮತ್ತು ನಮ್ಮ ನಂತರ ಬರುವವರಿಗೆ ಎಂದಳಂತೆ. ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಮರಳಿ ಕಳುಹಿಸಿದ ನಮ್ಮ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಮನೆಗೆ ಬರುವ ದಾರಿಯಲ್ಲಿ ಮೊಮ್ಮಗಳಿಗೆ ಹೇಳಿದೆ. ಅವಳು ಅದನ್ನು ಇಂಗ್ಲಿಷಿನಲ್ಲಿ ಹಿರಿಯಾಕೆಗೆ ಹೇಳಿದಳು. ಇಬ್ಬರು ಮುದುಕಿಯರೂ ದಾರಿಯ ಮಧ್ಯದಲ್ಲಿ ನಿಂತು ತಲೆದೂಗಿದೆವು.

ಇನ್ನು ಅಡುಗೆಮನೆಯ ವಿಷಯ. ಈ ತಿನಿಸಿನ ತಳಪಾಯ ಶಾರ್ಟ್‌ಬ್ರೆಡ್ ಎಂಬ ಸ್ಕಾಟ್ಲೆಂಡಿನ ಪ್ರಸಿದ್ಧ ಬಿಸ್ಕೀಟು. ಮೂರು ಪಾಲು ಹಿಟ್ಟು, ಎರಡು ಪಾಲು ಬೆಣ್ಣೆ, ಒಂದು ಪಾಲು ಸಕ್ಕರೆ. ಇಷ್ಟೇ ಅದರ ಸೂತ್ರ. ಮೊಟ್ಟೆಯಿಲ್ಲ, ಹಾಲಿಲ್ಲ, ನೀರೂ ಇಲ್ಲ. ನಮ್ಮ ನಾನಖಟಾಯಿಯ ಅಕ್ಕನೋ ತಂಗಿಯೋ ಎನ್ನಬೇಕು. ಬೆಣ್ಣೆ ದುಬಾರಿಯಾಗಿದ್ದ ಹಿಂದಿನ ಕಾಲದಲ್ಲಿ ಇದು ಹೊಸವರ್ಷಕ್ಕೆ, ಮದುವೆಗೆ ಮಾತ್ರ ಮಾಡುವ ತಿನಿಸಾಗಿತ್ತು. ಉತ್ತರದ ಶೆಟ್ಲೆಂಡ್ ದ್ವೀಪಗಳಲ್ಲಿ ಹೊಸ ಮದುವಣಗಿತ್ತಿ ಹೊಸ್ತಿಲು ದಾಟುವಾಗ ಅಲಂಕರಿಸಿದ ಶಾರ್ಟ್‌ಬ್ರೆಡ್ಡನ್ನು ಅವಳ ತಲೆಯ ಮೇಲೆ ಮುರಿಯುವ ಪದ್ಧತಿಯಿತ್ತು. ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಒದ್ದು ಒಳಬರುವ ನಮ್ಮ ಸೊಸೆಯರಿಗೆ ಇದು ವಿಚಿತ್ರವೆನಿಸಲಾರದು.

ನಾಲ್ವತ್ತೈದು ವರ್ಷ ಹಿಟ್ಟು ನಾದಿದ ಕೈ ನನ್ನದು. ಬೆಣ್ಣೆ ಹಿಟ್ಟು ಸೇರಿಸಿ ಕೊಟ್ಟೊಡನೆ ಚಪಾತಿಯ ಕಣಕದಂತೆ ಚೆನ್ನಾಗಿ ನಾದಿಬಿಟ್ಟೆ. ಹಿರಿಯಾಕೆ ನೋಡಿದಳು, ಏನೂ ಹೇಳಲಿಲ್ಲ. ಬೆಂದು ಬಂದದ್ದನ್ನು ಮುರಿಯಲು ಹೋದರೆ ಅದು ಹೆಂಚಿನಂತೆ ಬಿರುಸಾಗಿತ್ತು. ಆಗ ವಿವರಿಸಿದಳು: ಗೋದಿಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟಂಶವಿದೆ. ನಾದಿದಷ್ಟೂ ಅದು ಎಳೆಯಾಗಿ ಬಿಗಿಯುತ್ತದೆ. ಚಪಾತಿಗೆ ಅದು ಬೇಕು. ಇಲ್ಲಿ ಬೆಣ್ಣೆಯು ಹಿಟ್ಟಿನ ಕಣಗಳಿಗೆ ಲೇಪವಾಗಿ ಆ ಎಳೆಗಳು ಬೆಳೆಯದಂತೆ ತಡೆಯಬೇಕು. ಆಗಲೇ ತಿನಿಸು ಬಾಯಲ್ಲಿ ಪುಡಿಯಾಗುತ್ತದೆ. ಹಾಗೆ ಪುಡಿಯಾಗುವ ಗುಣಕ್ಕೇ ಹಳೆಯ ಇಂಗ್ಲಿಷಿನಲ್ಲಿ ಶಾರ್ಟ್ ಎಂಬ ಹೆಸರು. ನಿಪ್ಪಟ್ಟಿನ ಹಿಟ್ಟಿಗೆ ಕಾಸಿದ ಎಣ್ಣೆ ಹಾಕಿ ತಿಕ್ಕುವ ನಾವೂ ಇದನ್ನೇ ಅಲ್ಲವೇ ಮಾಡುವುದು! ತಿಳಿದ ಮೇಲೆ ಎರಡನೆಯ ಸಲ ಕೈ ತಾನಾಗಿಯೇ ಹಗುರವಾಯಿತು.

ಮಾಡುವ ಕ್ರಮ ಹೀಗಿದೆ. 250 ಗ್ರಾಂ ಮೈದಾ, 50 ಗ್ರಾಂ ಅಕ್ಕಿಹಿಟ್ಟು, 100 ಗ್ರಾಂ ಸಕ್ಕರೆಪುಡಿ, ಚಿಟಿಕೆ ಉಪ್ಪನ್ನು ಬೆರೆಸಿ, 200 ಗ್ರಾಂ ತಣ್ಣನೆಯ ಗಟ್ಟಿ ಬೆಣ್ಣೆಯನ್ನು ಸಣ್ಣಗೆ ಕತ್ತರಿಸಿ ಹಾಕಿ, ಬೆರಳ ತುದಿಗಳಿಂದ ಮಾತ್ರ ತಿಕ್ಕಬೇಕು. ಹಿಟ್ಟು ದಪ್ಪ ರವೆಯಂತಾದರೆ ಸಾಕು. ಅಕ್ಕಿಹಿಟ್ಟಿನಿಂದ ತಿನಿಸಿಗೆ ತರಿತರಿಯಾದ ಹದ ಬರುತ್ತದೆ. ಇದರಲ್ಲಿ ಮೂರರಲ್ಲಿ ಎರಡು ಪಾಲನ್ನು 20 ಸೆಂಟಿಮೀಟರ್ ಚೌಕದ ತಗಡಿನ ತಟ್ಟೆಯಲ್ಲಿ ಹರಡಿ, ಅಂಗೈಯಿಂದ ಒತ್ತಿ, ಅಲ್ಲಲ್ಲಿ ಚುಚ್ಚಿ, 170 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 20 ನಿಮಿಷ ತಿಳಿ ಹೊಂಬಣ್ಣ ಬರುವಂತೆ ಬೇಯಿಸಬೇಕು. ತಳವನ್ನು ಹೀಗೆ ಮೊದಲೇ ಬೇಯಿಸದಿದ್ದರೆ ಹಣ್ಣಿನ ರಸ ಇಳಿದು ಅದು ಹಸಿಯಾಗಿಯೇ ಉಳಿಯುತ್ತದೆ. ಅನಂತರ ತೆಳ್ಳಗೆ ಹೆಚ್ಚಿದ ಮೂರು ಹುಳಿ ಸೇಬು, ಎರಡು ಹಿಡಿ ಬ್ರ್ಯಾಂಬಲ್, ಎರಡು ಚಮಚ ಸಕ್ಕರೆ, ಸ್ವಲ್ಪ ದಾಲ್ಚಿನ್ನಿ ಪುಡಿ, ರಸ ಹೀರಲು ಒಂದು ಚಮಚ ಕಾರ್ನ್‌ಫ್ಲೋರ್ ಬೆರೆಸಿ ಮೇಲೆ ಹರಡಬೇಕು. ಉಳಿದ ಹಿಟ್ಟಿಗೆ ಎರಡು ಚಮಚ ಓಟ್ಸ್ ಸೇರಿಸಿ ಅದರ ಮೇಲೆ ಉದುರಿಸಿ, 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಬೇಯಿಸಬೇಕು. ಪೂರ್ತಿ ಆರಿದ ಮೇಲೆಯೇ ಕತ್ತರಿಸಬೇಕು. ಬಿಸಿಯಿರುವಾಗ ಚಾಕು ಹಾಕಿದರೆ ಎಲ್ಲವೂ ಪುಡಿ. ಮೊಮ್ಮಗಳು ಆ ಒಂದೂವರೆ ಗಂಟೆಯಲ್ಲಿ ಏಳು ಸಲ ಬಂದು ಮುಟ್ಟಿ ನೋಡಿದಳು.

ಮಾರನೆಯ ಮುಂಜಾನೆ ಸ್ನಾನ ಮುಗಿಸಿ, ಲಿಂಗಪೂಜೆಗೆ ಕುಳಿತಾಗ ಆ ವಡಿಯ ಒಂದು ತುಂಡನ್ನು ನೈವೇದ್ಯದ ಬಟ್ಟಲಲ್ಲಿಟ್ಟೆ. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅರ್ಪಿಸಿ, ಪ್ರಸಾದವಾಗಿ ಸ್ವೀಕರಿಸಿದೆ. ಬೆಣ್ಣೆಯ ಸವಿಯೊಳಗಿನಿಂದ ಹಣ್ಣಿನ ಹುಳಿ ಮೇಲೆದ್ದು ಬಂತು. ಉಳಿದರ್ಧವನ್ನು ಸೊಸೆಯ ಕೈಗೆ ಕೊಟ್ಟೆ. ಹೋದ ದಿನದಿಂದ ನನ್ನ ಪಾತ್ರೆ, ನನ್ನ ಒಲೆ ಎಂದು ಬೇರೆ ಮಾಡಿಕೊಂಡು ಉಣ್ಣುತ್ತಿದ್ದೆ. ಅವಳ ಕೈಯ ಅಡುಗೆಯನ್ನೂ ಸಂಶಯದಿಂದ ನೋಡಿದ್ದೆ ಎಂಬುದು ಆಗ ಅರಿವಾಯಿತು. ಅಂದಿನಿಂದ ಅವಳು ಮಾಡಿದ್ದನ್ನು ಎಲ್ಲರೊಡನೆ ಕೂಡಿಯೇ ಉಂಡೆ.

ಆ ವಾರಾಂತ್ಯದಲ್ಲಿ ಒಂದು ಡಬ್ಬಿ ವಡಿ ಕಟ್ಟಿಕೊಂಡು, ಹಿರಿಯಾಕೆಯನ್ನೂ ಕರೆದುಕೊಂಡು ನ್ಯೂ ಲ್ಯಾನರ್ಕಿಗೆ ಹೋದೆವು. ಊರಿನಿಂದ ಎರಡು ಕಿಲೋಮೀಟರಿನಷ್ಟು ಇಳಿಜಾರು. ಕ್ಲೈಡ್ ನದಿಯ ದಂಡೆಯಲ್ಲಿ ಡೇವಿಡ್ ಡೇಲ್ ಎಂಬ ವ್ಯಾಪಾರಿ 1786ರಲ್ಲಿ ಕಟ್ಟಿಸಿದ ಹತ್ತಿಗಿರಣಿಗಳು ಮತ್ತು ಕಾರ್ಮಿಕರ ಮನೆಗಳು ಇಲ್ಲಿವೆ. ಮೇಲ್ಗಡೆ ಕೋರಾ ಲಿನ್ ಎಂಬ, ಸುಮಾರು 26 ಮೀಟರ್ ಎತ್ತರದ ಜಲಪಾತ. ನದಿಯ ನೀರಿನ ಬಲದಿಂದಲೇ ಗಿರಣಿಯ ಚಕ್ರಗಳು ತಿರುಗುತ್ತಿದ್ದವು. ಗೋಕಾಕ ಜಲಪಾತವನ್ನೂ ಅದರ ಪಕ್ಕದ ಹತ್ತಿಗಿರಣಿಯನ್ನೂ ಕಂಡವರಿಗೆ ಈ ದೃಶ್ಯ ಅಪರಿಚಿತವೆನಿಸದು.

ಡೇಲನ ಅಳಿಯನಾದ ರಾಬರ್ಟ್ ಓವೆನ್ 1800ರಲ್ಲಿ ಗಿರಣಿಯ ಆಡಳಿತ ವಹಿಸಿಕೊಂಡ. ಹತ್ತು ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು ನಿಲ್ಲಿಸಿ ಅವರನ್ನು ಶಾಲೆಗೆ ಕಳುಹಿಸಿದ. ಅಮೇರಿಕೆಯಿಂದ ಹತ್ತಿ ಬರುವುದು ನಿಂತು ಗಿರಣಿ ನಾಲ್ಕು ತಿಂಗಳು ಮುಚ್ಚಿದಾಗಲೂ ಕಾರ್ಮಿಕರಿಗೆ ಸಂಬಳ ಕೊಟ್ಟ. ಊರಿನ ಅಂಗಡಿಯಲ್ಲಿ ಒಳ್ಳೆಯ ದಿನಸಿಯನ್ನು ಕಡಿಮೆ ಬೆಲೆಗೆ ಮಾರಿಸಿ, ಬಂದ ಲಾಭವನ್ನು ಶಾಲೆಗೆ ಬಳಸಿದ. 1816ರಲ್ಲಿ ತೆರೆದ ಅವನ ವಿದ್ಯಾಸಂಸ್ಥೆಯ ಕಟ್ಟಡ ಇಂದಿಗೂ ಇದೆ. ಇದೆಲ್ಲವೂ ಲಾಭದ ಗಿರಣಿಯೊಳಗೇ ನಡೆದದ್ದು, ಆ ಹತ್ತಿಯಲ್ಲಿ ಗುಲಾಮರ ಬೆವರೂ ಬೆರೆತಿತ್ತು ಎಂಬುದನ್ನು ಮರೆಯಲಾಗದು. ಆದರೂ ದುಡಿಮೆಯ ಫಲ ದುಡಿದವರ ಮಕ್ಕಳಿಗೆ ಮರಳಬೇಕೆಂಬ ಅವನ ವಿಚಾರ ನಮ್ಮ ಕಾಯಕ ದಾಸೋಹಗಳ ವಿಚಾರಕ್ಕೆ ದೂರದ ನೆಂಟನಂತಿದೆ. ಯುನೆಸ್ಕೋ 2001ರಲ್ಲಿ ಈ ಗ್ರಾಮವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಸಹಕಾರ ಚಳವಳಿಗೆ ಪ್ರೇರಣೆ ಕೊಟ್ಟವರಲ್ಲಿ ಓವೆನ್ ಒಬ್ಬನೆಂದು ಅಲ್ಲಿ ತಿಳಿದಾಗ ನನಗೆ ನಮ್ಮ ಗದುಗಿನ ಪಕ್ಕದ ಕಣಗಿನಹಾಳ ನೆನಪಾಯಿತು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿ ದೇಶಕ್ಕೇ ದಾರಿ ತೋರಿದರು. ಹತ್ತಿ ಬೆಳೆಯುವ ನಮ್ಮ ಎರೆಭೂಮಿಯ ಈ ಕಥೆಯನ್ನು ನದಿಯ ದಂಡೆಯ ಬೆಂಚಿನ ಮೇಲೆ ಕುಳಿತು, ವಡಿ ತಿನ್ನುತ್ತ, ಮೊಮ್ಮಗಳಿಗೆ ಹೇಳಿದೆ. ಅವಳಿಗೆ ತನ್ನ ಊರು ಯಾವುದೆಂಬ ಗೊಂದಲವಿದೆ. ಎರಡೂ ಊರುಗಳಲ್ಲಿ ಹೆಮ್ಮೆಪಡುವಂತಹ ಹಿರಿಯರಿದ್ದರೆಂದು ಅಂದು ಅವಳಿಗೆ ತಿಳಿಯಿತು.

ಅಲ್ಲಿಯ ಚರ್ಚುಗಳಲ್ಲಿ ಶರತ್ಕಾಲದಲ್ಲಿ ಸುಗ್ಗಿಯ ಕೃತಜ್ಞತೆಯ ಭಾನುವಾರವನ್ನು ಆಚರಿಸುತ್ತಾರೆ. ಆಲೂಗಡ್ಡೆ, ಸೇಬು, ರೊಟ್ಟಿ, ಡಬ್ಬಿಯಲ್ಲಿಟ್ಟ ದಿನಸಿಗಳನ್ನು ತಂದು ಮುಂದೆ ಜೋಡಿಸಿಡುತ್ತಾರೆ. ಬಳಿಕ ಅವು ಅಗತ್ಯವಿದ್ದವರ ಮನೆ ಸೇರುತ್ತವೆ. ಹಿರಿಯಾಕೆಯ ಆಹ್ವಾನದಂತೆ ನಾವೂ ಹೋದೆವು. ಸೊಸೆ ಅಕ್ಕಿ, ಬೇಳೆಯ ಚೀಲಗಳನ್ನು ಒಪ್ಪಿಸಿದಳು. ನಾನು ಮಾಡಿದ ವಡಿಗಳನ್ನು ಚಹದ ಜೊತೆಗೆ ಹಂಚಬೇಕೆಂದರು. ಹಣೆಯ ಮೇಲಿನ ವಿಭೂತಿಯೊಂದಿಗೆ, ತಟ್ಟೆ ಹಿಡಿದು, ಹೆಸರು ತಿಳಿಯದವರ ಮುಂದೆಲ್ಲ ಹೋದೆ. ಒಬ್ಬರೂ ಬೇಡವೆನ್ನಲಿಲ್ಲ. ಡಂಬಳದ ರೊಟ್ಟಿ ಜಾತ್ರೆಯಲ್ಲಿ ಮನೆಮನೆಯಿಂದ ಬಂದ ರೊಟ್ಟಿ ಜಾತಿಮತಗಳನ್ನು ಕೇಳದೆ ಎಲ್ಲರ ಕೈ ಸೇರುವ ದೃಶ್ಯ ಕಣ್ಣಮುಂದೆ ಬಂದು ಗಂಟಲು ಕಟ್ಟಿತು.

ಹೊರಡುವ ಮುನ್ನಾದಿನ ಹಿರಿಯಾಕೆ ಅದೇ ಬಿಳಿಯ ಅರಿವೆ ಮುಚ್ಚಿದ ತಟ್ಟೆಯೊಂದಿಗೆ ಬಂದಳು. ಈ ಸಲ ಎರಡೂ ಕೈ ಚಾಚಿ ತೆಗೆದುಕೊಂಡೆ. ಬರಿದಾದ ತಟ್ಟೆಯನ್ನು ಹಿಂದಿರುಗಿಸಬಾರದೆಂಬ ನಮ್ಮ ಪದ್ಧತಿಯಂತೆ ಅದರಲ್ಲಿ ಶೇಂಗಾ ಹೋಳಿಗೆಯಿಟ್ಟು ಕಳುಹಿಸಿದೆ.

ನಮ್ಮ ಸೀಮೆಯಲ್ಲಿ ಶೀಗಿ ಹುಣ್ಣಿಮೆಗೆ ಹೊಲಕ್ಕೆ ಬುತ್ತಿ ಒಯ್ದು, ಭೂತಾಯಿಗೆ ಚರಗ ಚೆಲ್ಲಿ, ಬಂದವರೊಡನೆ ಕೂಡಿ ಉಣ್ಣುತ್ತೇವೆ. ಬರುವ ಶೀಗಿ ಹುಣ್ಣಿಮೆಯ ಬುತ್ತಿಯಲ್ಲಿ ಹೋಳಿಗೆ, ಕಡಬುಗಳ ಪಕ್ಕದಲ್ಲಿ ಈ ಹಣ್ಣಿನ ವಡಿಯನ್ನೂ ಇಡಬೇಕೆಂದಿದ್ದೇನೆ. ಆ ಹೊತ್ತಿಗೆ ಹಿಮಾಚಲ, ಕಾಶ್ಮೀರದ ಹೊಸ ಸೇಬು ನಮ್ಮ ಪೇಟೆಗೂ ಬಂದಿರುತ್ತದೆ. ಅದು ಸಿಹಿಯಾದುದರಿಂದ ಒಂದು ನಿಂಬೆಯ ರಸ ಹಿಂಡಿ, ಸಕ್ಕರೆಯನ್ನು ಒಂದು ಚಮಚ ಕಡಿಮೆ ಮಾಡಿದರಾಯಿತು. ಬ್ರ್ಯಾಂಬಲ್ ಬದಲು ಬೀಜ ತೆಗೆದ ಕರಿ ದ್ರಾಕ್ಷಿ ಆಗಬಹುದು. ಮನೆಯಲ್ಲಿ ಓವನ್ ಇಲ್ಲದವರು ನಾನಖಟಾಯಿಯ ಹಿಟ್ಟನ್ನು ಬೇಕರಿಗೆ ಒಯ್ಯುತ್ತಿದ್ದ ಹಳೆಯ ರೂಢಿಯನ್ನು ನೆನೆಯಲಿ.

ಮಾಡಿದ ಮೇಲೆ ಒಂದು ತಟ್ಟೆಯನ್ನು ನೆರೆಮನೆಗೆ ಕೊಡಿರಿ. ಅವರ ಮನೆಯಿಂದ ತಟ್ಟೆ ಬಂದರೆ, ಕೇಳಬೇಕಾದುದನ್ನು ಪ್ರೀತಿಯಿಂದ ಕೇಳಿ, ಕೈ ಚಾಚಿ ತೆಗೆದುಕೊಳ್ಳಿರಿ.